ಅವ್ವನ ಬಲಗೈಯ ಸದ್ದು

ಮಂದಿಯ ಕೈ ನೋಡುವುದೇ ನನ್ನ ಹೊಟ್ಟೆಪಾಡು. ಭವಿಷ್ಯ ಹೇಳಲಿಕ್ಕಲ್ಲ. ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ, ನರ ಮತ್ತು ಸ್ನಾಯು ಒಂದಕ್ಕೊಂದು ಕೂಡುವ ಜಾಗದ ಮೇಲೆ ಸಂಶೋಧನೆ ಮಾಡುವ ತಂಡದಲ್ಲಿ ನಾನಿದ್ದೇನೆ. ವಯಸ್ಸಾದಂತೆ ಆ ಬೆಸುಗೆ ಹೇಗೆ ಸಡಿಲಾಗುತ್ತದೆ, ಮೋಟಾರ್ ನ್ಯೂರಾನ್ ಕಾಯಿಲೆ ಎಂಬ ಕೆಟ್ಟ ರೋಗ ಬಂದಾಗ ಹೇಗೆ ಕಳಚಿ ಬೀಳುತ್ತದೆ, ಎರಡಕ್ಕೂ ಇರುವ ವ್ಯತ್ಯಾಸವೇನು, ಇದು ನಮ್ಮ ಕೆಲಸ. ಹಿಂಗಾಗಿ ಮದುವೆ ಮನೆಯಲ್ಲಿ ಅಕ್ಕಿಕಾಳು ಹಾಕುವಾಗಲೂ ನನ್ನ ಕಣ್ಣು ಮದುಮಕ್ಕಳ ಮುಖಕ್ಕಿಂತ ಮೊದಲು ಅವರ ಹೆಬ್ಬೆರಳಿನ ಬುಡಕ್ಕೆ ಹೋಗುತ್ತದೆ. ನನ್ನ ಗಂಡ ಇದನ್ನೇ ಒಂದು ರೋಗ ಅನ್ನುತ್ತಾನೆ. ಇದ್ದರೂ ಇರಬಹುದು.

ನಾವಿರುವುದು ಶಿಗ್ಗಾಂವಿಯಲ್ಲಿ. ಅಲ್ಲಿಂದ ಬಸ್ಸು ಹತ್ತಿ ತಡಸ ದಾಟುವುದರೊಳಗೆ ಒಂದು ನಿದ್ದೆ ಮುಗಿಯುತ್ತದೆ, ಆಮೇಲೆ ಹುಬ್ಬಳ್ಳಿ. ಆದರೆ ವರ್ಷದ ಅರ್ಧದಷ್ಟು ದಿನ ನಾನು ಪ್ರಯೋಗಾಲಯದಲ್ಲಿ ಇರುವುದೇ ಇಲ್ಲ. ಒಂದು ಸೂಟ್‌ಕೇಸಿನಷ್ಟು ದೊಡ್ಡ ಯಂತ್ರ ಹೊತ್ತುಕೊಂಡು ಸವಣೂರು, ಹಾನಗಲ್ಲು, ಹಿರೇಕೆರೂರು ಅಂತ ತಿರುಗುತ್ತಿರುತ್ತೇನೆ. ಅರವತ್ತು ದಾಟಿದ, ಯಾವ ರೋಗವೂ ಇಲ್ಲದ, ದುಡಿದು ಗಟ್ಟಿಯಾದ ಕೈಗಳು ನಮಗೆ ಬೇಕು. ಅಂಗೈಗೆ ಎರಡು ಪಟ್ಟಿ ಅಂಟಿಸಿ, ಮಣಿಕಟ್ಟಿನ ಹತ್ತಿರ ಇರುವೆ ಕಚ್ಚಿದಷ್ಟು ಕರೆಂಟು ಕೊಟ್ಟರೆ, ಹೆಬ್ಬೆರಳನ್ನು ಆಡಿಸಲು ಎಷ್ಟು ನರದೆಳೆಗಳು ಉಳಿದಿವೆ ಎಂಬ ಅಂದಾಜು ಪರದೆಯ ಮೇಲೆ ಬರುತ್ತದೆ. ಸವಣೂರಿನಲ್ಲಿ ಎಲೆಬಳ್ಳಿ ತೋಟ ಮಾಡಿಕೊಂಡಿದ್ದ ಒಬ್ಬ ಮುಸ್ಲಿಂ ಅಜ್ಜ, ಪಟ್ಟಿ ಅಂಟಿಸಿಕೊಂಡು ಕುಂತವನು, ಯಂತ್ರವನ್ನೂ ನನ್ನನ್ನೂ ಹಿಂದುಮುಂದು ನೋಡಿ, "ಮೇಡಮ್ಮಾರ, ನನ್ನ ಮೀಟರ್ ಎಷ್ಟ್ ಓಡೇತಿ ನೋಡ್ರಿ. ಇನ್ನೂ ಎಷ್ಟ್ ಯುನಿಟ್ ಉಳದಾವು?" ಅಂದ. ಸರತಿಯಲ್ಲಿ ಕುಂತಿದ್ದ ಮುದುಕರೆಲ್ಲ ನಕ್ಕರು. ಅವನ ಮೀಟರು ನನ್ನದಕ್ಕಿಂತ ಚೆನ್ನಾಗಿಯೇ ಓಡುತ್ತಿತ್ತು.

ಈ ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ಒಂದು ಬೆರಗು ನನ್ನಲ್ಲಿ ಹಳತಾಗಿಲ್ಲ. ಕುತ್ತಿಗೆಯ ಹತ್ತಿರ ಬೆನ್ನುಹುರಿಯೊಳಗೆ ಒಂದೇ ಒಂದು ಜೀವಕೋಶ ಕುಂತಿರುತ್ತದೆ. ಅದರಿಂದ ಹೊರಟ ಒಂದು ಎಳೆ ಭುಜ ದಾಟಿ, ಮೊಣಕೈ ದಾಟಿ, ಹೆಬ್ಬೆರಳಿನ ಬುಡದತನಕ ಬರುತ್ತದೆ. ಒಂದೇ ಕೋಶ, ತೋಳಿನಷ್ಟು ಉದ್ದ, ಕೂದಲಿಗಿಂತ ಎಷ್ಟೋ ಪಾಲು ತೆಳು. ಅಷ್ಟು ದೂರ ಬಂದು, ನೂರಾರು ಸ್ನಾಯುವಿನ ಎಳೆಗಳ ಬಾಗಿಲಿಗೆ ಕವಲೊಡೆದು ನಿಲ್ಲುತ್ತದೆ. ಆದರೆ ಒಳಗೆ ಕಾಲಿಡುವುದಿಲ್ಲ, ಮುಟ್ಟುವುದೂ ಇಲ್ಲ. ನಡುವೆ ಒಂದು ಸಂದು ಬಿಟ್ಟಿರುತ್ತದೆ. ನರ ಆ ಸಂದಿನಲ್ಲಿ ಒಂದಿಷ್ಟು ರಸ ಚೆಲ್ಲುತ್ತದೆ, ಈಚೆಯ ಸ್ನಾಯು ಅದನ್ನು ಹಿಡಿದು ಸೆಟೆದುಕೊಳ್ಳುತ್ತದೆ, ಮರುಕ್ಷಣ ಆ ಸಂದು ಗುಡಿಸಿ ಸ್ವಚ್ಛವಾಗಿರುತ್ತದೆ. ನೀವು ಈ ಪುಟ ಮಗುಚುವಷ್ಟರಲ್ಲಿ ಇದು ನಿಮ್ಮ ಕೈಯಲ್ಲಿ ಎಷ್ಟು ಸಲ ನಡೆದು ಮುಗಿದಿರುತ್ತದೋ ಲೆಕ್ಕವಿಲ್ಲ. ದೇವರ ಮನೆಯಲ್ಲಿ ಕೈ ಮುಗಿಯುವಾಗ ನನಗೆ ಎಷ್ಟೋ ಸಲ ಮುಗಿಯುವ ಕೈಯೇ ದೊಡ್ಡದು ಅನಿಸಿಬಿಡುತ್ತದೆ.

ಇನ್ನೊಂದು ಸೋಜಿಗ ಇದಕ್ಕಿಂತ ದೊಡ್ಡದು. ವಯಸ್ಸಾದಂತೆ ಬೆನ್ನುಹುರಿಯ ಆ ಕೋಶಗಳು ಒಂದೊಂದಾಗಿ ಸಾಯುತ್ತವೆ. ಎಲ್ಲರಿಗೂ ಅಷ್ಟೇ. ಒಂದು ಕೋಶ ಸತ್ತರೆ ಅದು ನೋಡಿಕೊಳ್ಳುತ್ತಿದ್ದ ಸ್ನಾಯುವಿನ ಎಳೆಗಳು ತಬ್ಬಲಿಯಾಗುತ್ತವೆ. ಆಗ ಪಕ್ಕದ ನರ ತನ್ನಷ್ಟಕ್ಕೆ ತಾನು ಒಂದು ಚಿಗುರು ಹೊರಡಿಸಿ ಆ ತಬ್ಬಲಿಗಳನ್ನೂ ತನ್ನವೆಂದು ಎಳೆದುಕೊಳ್ಳುತ್ತದೆ. ಓಣಿಯಲ್ಲಿ ಒಬ್ಬಾಕೆ ತೀರಿಕೊಂಡರೆ ಮಗ್ಗುಲ ಮನೆಯವಳು ಆ ಮಕ್ಕಳಿಗೂ ಸೇರಿಸಿ ನಾಲ್ಕು ರೊಟ್ಟಿ ಹೆಚ್ಚು ಬಡಿಯುತ್ತಾಳಲ್ಲ, ಹಾಗೆ. ಹಾಗಾಗಿಯೇ ಎಂಬತ್ತರ ಅಜ್ಜನೂ ಎಲೆ ಕೊಯ್ಯುತ್ತಾನೆ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲೂ ಇದೇ ನಡೆಯುತ್ತದೆ, ಆದರೆ ಸಾವಿನ ಓಟ ಜೋರು. ಎಳೆದುಕೊಂಡ ನರವೂ ಸಾಯುತ್ತದೆ, ಅದರ ಮಕ್ಕಳನ್ನು ಎಳೆದುಕೊಂಡ ಇನ್ನೊಂದೂ ಸಾಯುತ್ತದೆ. ಹಾನಗಲ್ಲಿನ ಕಡೆಯ ಒಬ್ಬ ಬಸ್ ಕಂಡಕ್ಟರ್ ನಮ್ಮಲ್ಲಿಗೆ ಬಂದಿದ್ದ. ಟಿಕೆಟ್ ಯಂತ್ರದ ಗುಂಡಿ ಒತ್ತಲಿಕ್ಕೆ ಹೆಬ್ಬೆರಳು ಬರವಲ್ಲದು ಎಂಬುದಷ್ಟೇ ಅವನ ತಕರಾರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ದುಂಡಗೆ ಇರಬೇಕಾದ ಮಾಂಸ ಒಳಗೆ ಸೇದಿಕೊಂಡು ಕುಳಿ ಬಿದ್ದಿತ್ತು. ಆ ಕುಳಿ ಆ ಕಾಯಿಲೆಯ ಮೊದಲ ಗುರುತುಗಳಲ್ಲೊಂದು. ಮರುವರ್ಷದ ಮಾವಿನ ಸುಗ್ಗಿಗೆ ಆತ ಇರಲಿಲ್ಲ.

ಇನ್ನು ನನ್ನ ಅವ್ವನ ವಿಷಯಕ್ಕೆ ಬರುತ್ತೇನೆ. ಅವ್ವ ಇರುವುದು ಅಬಲೂರಿನಲ್ಲಿ, ನನ್ನ ಅಣ್ಣ ಅತ್ತಿಗೆ ಮೊಮ್ಮಕ್ಕಳ ಜೊತೆ, ತುಂಬಿದ ಮನೆಯಲ್ಲಿ. ಎಪ್ಪತ್ತರ ಹತ್ತಿರ ವಯಸ್ಸು, ಇಪ್ಪತ್ತರ ಬಾಯಿ. ಆಕೆ ಎಡಚಿ. ಎಡಗೈಯಿಂದಲೇ ರೊಟ್ಟಿ ಬಡಿಯುತ್ತಾಳೆ, ಬಲಗೈ ಬೆರಳುಗಳಿಂದ ಅಂಚು ಸರಿಸಿ ತಿರುಗಿಸುತ್ತಾಳೆ. ಚಿಕ್ಕವರಿದ್ದಾಗ ನಾವೆಲ್ಲ ಅದನ್ನು ಅಣಕಿಸಿ ಪೆಟ್ಟು ತಿಂದದ್ದಿದೆ. ಆದರೆ ಪಂಕ್ತಿಯಲ್ಲಿ ಬಡಿಸುವಾಗ ಮಾತ್ರ ಎಡಗೈ ಎಂದೂ ಮುಂದೆ ಬರಲಿಲ್ಲ. ಬಲಗೈಯಲ್ಲಿ ಸೌಟು, ಎಡಗೈ ಬಲಗೈಯ ಮಣಿಕಟ್ಟಿನ ಕೆಳಗೆ, ತುಸು ಬಗ್ಗಿ, ದೇವರಿಗೆ ಎಡೆ ಮಾಡುವ ಹಾಗೆ ನೀಡುತ್ತಿದ್ದಳು. ನಮ್ಮ ಕಡೆ ಹಿರಿಯರಿಗೆ ಏನಾದರೂ ಕೊಡುವಾಗ ಹೀಗೆ ಕೈಗೆ ಕೈ ಹಚ್ಚಿ ಕೊಡುವುದು ಮರ್ಯಾದೆ. ಅವ್ವ ಕೂಸಿಗೂ ಹಾಗೇ ನೀಡುತ್ತಿದ್ದಳು, ಕೂಲಿಯವರಿಗೂ ಹಾಗೇ ನೀಡುತ್ತಿದ್ದಳು. ಊರಿಗೆ ಹೊಸ ಸೊಸೆ ಬಂದರೆ, "ಹೋಗಿ ಆಕಿ ನೀಡೂದ ನೋಡಿ ಕಲ್ಕೋ" ಅಂತ ಅತ್ತೆಯರು ಕಳಿಸುತ್ತಿದ್ದರು. ಅಬಲೂರಿನ ಒಂದು ತಲೆಮಾರಿನ ಹೆಣ್ಣುಮಕ್ಕಳು ನೀಡುವುದು ಅವ್ವನ ಹಾಗೆ. ನಾನೂ ಹಾಗೇ.

ಹಿರೇಕೆರೂರಿನ ಒಂದು ಶಾಲೆಯಲ್ಲಿ ನಮ್ಮ ಶಿಬಿರ ಇಟ್ಟಾಗ ಅವ್ವ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಟಂಟಂ ಗಾಡಿ ಮಾಡಿಸಿಕೊಂಡು ಬಂದಳು. ಮಗಳ ಯಂತ್ರ ತೋರಿಸುವ ಹುರುಪು. "ಮೊದಲ ನನಗ ಹಚ್ಚು, ಇವರೆಲ್ಲಾ ಅಂಜ್ಯಾರ" ಅಂತ ಕುರ್ಚಿಯಲ್ಲಿ ಕುಂತು ಎಡಗೈ ಚಾಚಿದಳು. ನಮ್ಮ ನಿಯಮದ ಪ್ರಕಾರ ಎಲ್ಲರದೂ ಬಲಗೈಯೇ ಆಗಬೇಕು ಅಂದೆ. "ಆ ಕೈಯಾಗ ಏನ್ ಐತಿ, ರೊಟ್ಟಿ ಸುದ್ದಾ ತಿರಗಸವಲ್ದು ಈಗೀಗ" ಅನ್ನುತ್ತ ಬಲಗೈಯನ್ನು ಮೇಜಿನ ಮೇಲಿಟ್ಟಳು.

ನಾನು ಪಟ್ಟಿ ಹಿಡಿದು ಬಗ್ಗಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕುಳಿ ಬಿದ್ದಿತ್ತು.

ಸಾವಿರ ಕೈ ನೋಡಿದ ನಾನು ಅವ್ವನ ಕೈಯನ್ನು ಯಾವತ್ತೂ ನೋಡಿರಲಿಲ್ಲ. ಅವ್ವನ ಕೈ ಅಂದರೆ ಅದು ಅವ್ವನ ಕೈ, ನೋಡುವುದೇನು ಬಂತು! ಸುತ್ತ ಹೆಂಗಸರ ಗದ್ದಲ. ಪಟ್ಟಿ ಅಂಟಿಸಿದೆ, ಕರೆಂಟು ಕೊಟ್ಟೆ. ಆ ವಯಸ್ಸಿನ ಕೈಯಲ್ಲಿ ಇರಬೇಕಾದ ನರಗಳ ಪೈಕಿ ಬೆರಳೆಣಿಕೆಯಷ್ಟು ಮಾತ್ರ ಪರದೆಯ ಮೇಲೆ ಬಂದವು. ಪಟ್ಟಿ ಸರಿಸಿ ಇನ್ನೊಮ್ಮೆ ಮಾಡಿದೆ. ಅಷ್ಟೇ. "ಹೆಂಗ ಐತಿ?" ಅಂತ ಅವ್ವ ಎಲ್ಲರಿಗೂ ಕೇಳುವಂತೆ ಕೇಳಿದಳು. "ಪಾಸ್ ಆದಿ" ಅಂದೆ. ಹೆಂಗಸರು ಚಪ್ಪಾಳೆ ಹೊಡೆದರು. ನಾನು ಶಾಲೆಯ ಹಿಂದೆ ನೀರಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದೆ.

ಅದೇ ವಾರ ಏನೋ ನೆವ ಹೇಳಿ ಅವ್ವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ನಮ್ಮ ತಂಡದ ಹಿರಿಯ ಡಾಕ್ಟರು ಸೂಜಿ ಪರೀಕ್ಷೆ ಮಾಡಿದರು. ತೆಳ್ಳನೆಯ ಸೂಜಿಯನ್ನು ಸ್ನಾಯುವಿಗೆ ಇಳಿಸಿದರೆ ಒಳಗಿನ ವಿದ್ಯುತ್ತು ಯಂತ್ರದಲ್ಲಿ ಸದ್ದಾಗಿ ಕೇಳುತ್ತದೆ. ಆರೋಗ್ಯವಂತರ ಕೈಯಾದರೆ, ಬೆರಳು ಬಿಗಿ ಹಿಡಿದ ಕೂಡಲೇ, ನಾಗರ ಪಂಚಮಿಗೆ ಅರಳು ಹುರಿಯುವಾಗ ಕಾದ ಬೋಗುಣಿಯಲ್ಲಿ ಜೋಳ ಒಮ್ಮೆಲೇ ಚಟಪಟ ಎದ್ದ ಹಾಗೆ ಕೇಳುತ್ತದೆ, ಒಂದರ ಸದ್ದು ಇನ್ನೊಂದರಿಂದ ಬೇರೆ ಮಾಡಲಿಕ್ಕೆ ಬರುವುದಿಲ್ಲ. ಅವ್ವ ಬಿಗಿ ಹಿಡಿದಳು. ಖೋಲಿಯಲ್ಲಿ ಒಂದು ಸದ್ದು ಬಂತು. ಡುಗ್. ಆಮೇಲೆ ಸುಮ್ಮನಾಗಿ, ಮತ್ತೆ, ಡುಗ್. ಇನ್ನೂ ಬಿಗಿ ಹಿಡಿರಿ ಅಂದರು ಡಾಕ್ಟರು. ಅವೇ ಮೂರು ನಾಲ್ಕು ಸದ್ದುಗಳು ಜೋರಾಗಿ ಹೊಡೆದುಕೊಂಡವೇ ಹೊರತು ಹೊಸದೊಂದು ಬರಲಿಲ್ಲ. ಪರದೆಯ ಮೇಲಿನ ಅಲೆಗಳು ಚೌಕಟ್ಟು ಮೀರಿ ಹೋಗಿದ್ದವು. ಅಷ್ಟು ದೊಡ್ಡ ಅಲೆಗಳನ್ನು ನಾನು ಪುಸ್ತಕದಲ್ಲಷ್ಟೇ ನೋಡಿದ್ದೆ.

ಅವ್ವನನ್ನು ಹೊರಗೆ ಕುಂಡ್ರಿಸಿ ಡಾಕ್ಟರು ನನಗೆ ಹೇಳಿದರು. "ಅಲೆ ಇಷ್ಟ ದೊಡ್ಡವು ಅದಾವಂದ್ರ, ಉಳದ ನರ ಭಾಳ ಹಿಂದನ ಪಕ್ಕದ್ದನ್ನೆಲ್ಲಾ ಎಳಕೊಂಡಾವ. ಹಳೇದು ಅನಸ್ತೈತಿ. ಆದ್ರ ಅಲ್ಲಲ್ಲಿ ಹೊಸದಾಗಿ ಕಳಚಿದ ಗುರ್ತೂ ಐತಿ. ಮತ್ತ ಕೈ ಸೋಲಾಕ ಹತ್ತಿದ್ದೂ ಈಗನ. ಆ ಕಾಯಿಲೆ ಅಲ್ಲ ಅಂತ ನಾ ಇವತ್ತ ಹೇಳಾಕ ಆಗಂಗಿಲ್ಲ. ಆರ ತಿಂಗಳ ಬಿಟ್ಟು ಇನ್ನೊಮ್ಮೆ ನೋಡೂಣು. ಸಣ್ಣಾಕಿ ಇದ್ದಾಗ ಜ್ವರಾ ಬಂದು ಕೈ ಹೋಗಿತ್ತೇನು ಕೇಳು, ಪೋಲಿಯೋ."

ಕೇಳಿದೆ. "ನನಗ್ಯಾವ ಜ್ವರಾ ಬಂದಿಲ್ಲ. ಗಟ್ಟಿ ಮುಟ್ಟಾಗಿ ಬೆಳದಾಕಿ ನಾ" ಅಂದಳು ಅವ್ವ. ಸುಳ್ಳು ಹೇಳುವ ಜೀವವಲ್ಲ. ಹಾಗಾದರೆ ಉಳಿದದ್ದು ಒಂದೇ ಉತ್ತರ.

ಆ ದಿನಗಳನ್ನು ಹೇಗೆ ಕಳೆದೆನೆಂದು ಕೇಳಬೇಡಿ. ನನ್ನ ಓದು ನನಗೇ ವೈರಿಯಾಯಿತು. ಪ್ರತಿ ಭಾನುವಾರ ಅಬಲೂರಿಗೆ ಓಡುತ್ತಿದ್ದೆ. ಅವ್ವ ಮಾತಾಡುವಾಗ ನಾಲಿಗೆ ನಡುಗುತ್ತದೋ, ನೀರು ಕುಡಿಯುವಾಗ ಕೆಮ್ಮುತ್ತಾಳೋ, ನಡೆಯುವಾಗ ಪಾದ ಎಳೆಯುತ್ತಾಳೋ, ತೋಳಿನ ಚರ್ಮದ ಕೆಳಗೆ ಹುಳ ಹರಿದಂತೆ ಮಾಂಸ ಕುಣಿಯುತ್ತದೋ ಅಂತ ಕಳ್ಳಿಯ ಹಾಗೆ ನೋಡುತ್ತಿದ್ದೆ. "ಏನ ಹಂಗ ನೋಡತೀ, ನಾ ಏನ್ ಹೊಸಾ ಮದಲಗಿತ್ತಿ ಏನು?" ಅಂತ ಗದರುತ್ತಿದ್ದಳು. ಅವ್ವ ಸಾಯುತ್ತಾಳೆ ಎಂಬ ಅಂಜಿಕೆ ಎಲ್ಲ ಮಕ್ಕಳಿಗೂ ಇರುತ್ತದೆ. ಹೇಗೆ ಸಾಯುತ್ತಾಳೆ, ಮೊದಲು ಯಾವ ಬೆರಳು, ಆಮೇಲೆ ಯಾವ ಮಾತು, ಕಡೆಗೆ ಯಾವ ಉಸಿರು ಎಂಬುದು ಗೊತ್ತಿರುವುದು ಮಾತ್ರ ಯಾರಿಗೂ ಬೇಡ.

ಚಿಕ್ಕೇರೂರಿನಲ್ಲಿ ನನ್ನ ದೊಡ್ಡವ್ವ ಇದ್ದಾಳೆ. ಅವ್ವನಿಗಿಂತ ಎಂಟು ಹತ್ತು ವರ್ಷ ದೊಡ್ಡವಳು, ಆಕೆಯನ್ನು ಎತ್ತಿ ಆಡಿಸಿದವಳು. ಒಂದು ಭಾನುವಾರ ದಾರಿ ಬದಲಿಸಿ ಅಲ್ಲಿಗೆ ಹೋದೆ. ಚಹಾ ಕುಡಿದು, ಅದು ಇದು ಮಾತಾಡಿ, "ದೊಡ್ಡವ್ವಾ, ಅವ್ವ ಸಣ್ಣಾಕಿ ಇದ್ದಾಗ ಒಂದ್ ಸಲಾ ಜಡ್ಡ ಬಿದ್ದಿದ್ಲೇನು?" ಅಂದೆ. ದೊಡ್ಡವ್ವ ಬಟ್ಟಲು ಕೆಳಗಿಟ್ಟಳು. "ಹೊತ್ತಾತು, ನಿನ್ನ ಬಸ್ಸಿಗೆ ಹತ್ತಸ್ತೇನಿ ನಡಿ" ಅಂತ ಎದ್ದು ಸೆರಗು ಹೊದ್ದಳು. ಬಸ್ಸಿಗೆ ಇನ್ನೂ ಎಷ್ಟೋ ಹೊತ್ತಿತ್ತು. ನನಗೆ ಸಿಟ್ಟು ಬಂತು. ಕೇಳಿದ್ದೇನು, ಈಕೆ ಮಾಡುತ್ತಿರುವುದೇನು!

ಮನೆಗಳು ಮುಗಿದು ಹೊಲ ಶುರುವಾಗುವ ತನಕ ಆಕೆ ತುಟಿ ಬಿಚ್ಚಲಿಲ್ಲ. ರಸ್ತೆಯ ಬದಿ ಕಲ್ಲಿನ ಮೇಲೆ ಕುಂತು ಆಮೇಲೆ ಹೇಳಿದಳು.

"ಆ ಮಾತ ಮನಿಯಾಗ ಆಡಬಾರದವಾ. ನಿಮ್ಮವ್ವ ಎಡಚಿ ಅಲ್ಲ. ಎಲ್ಲಾರಂಗ ಬಲಗೈಲೇ ಉಣ್ಣಾಕಿ, ಬಲಗೈಲೇ ಹೊಡ್ಯಾಕಿ. ಮೂರು ವರ್ಷದಾಕಿ ಇದ್ದಾಗ ಜ್ವರಾ ಬಂತು. ಓಣಿಯಾಗ ಮತ್ತೊಂದು ಹುಡುಗಗೂ ಬಂದಿತ್ತು, ಅವಂದು ಕಾಲ ಹೋತು. ಇಕಿ ಬಲಗೈ ಸತ್ತಂಗ ಜೋತ ಬಿತ್ತು. ದ್ಯಾಮವ್ವ ದೇವಿ ಮೈಮ್ಯಾಲ ಬಂದಾಳ ಅಂತ ನಮ್ಮವ್ವ ಉಡಿ ತುಂಬಿ, ಬೇವಿನ ತಪ್ಪಲ ಕಟ್ಟಿ, ಆ ಜಡ್ಡನ್ನ ಊರ ಗಡಿ ದಾಟಿಸಿ ಬಂದ್ಲು. ಗಡಿ ದಾಟಿಸಿದ ಮ್ಯಾಲ ಹೊಳ್ಳಿ ನೋಡಂಗಿಲ್ಲ, ಅದರ ಹೆಸರು ಎತ್ತಂಗಿಲ್ಲ. ಎತ್ತಿದ್ರ ಅದು ಹೊಳ್ಳಿ ಮನಿಗೆ ಬರ್ತೈತಿ. ಅದಕ್ಕ ನಿಮ್ಮವ್ವಗ ಸೈತ ಯಾರೂ ಹೇಳಿಲ್ಲ."

"ಆಮ್ಯಾಲ?"

"ಆಮ್ಯಾಲೇನು. ಒಂದ್ ಮಳಿಗಾಲ ಹೋತು, ಬೆರಳ ಆಡಾಕ ಹತ್ತಿದ್ವು. ದೇವಿ ಕೈ ಹೊಳ್ಳಿ ಕೊಟ್ಲು ಅಂದ್ರು. ಪೂರಾ ಕೊಡಲಿಲ್ಲ. ಏನ ಎತ್ತಿದ್ರೂ ಎಡಗೈ ಆಸರ ಬೇಕಿತ್ತು."

ಎಡಗೈ ಆಸರೆ. ಪಂಕ್ತಿಯಲ್ಲಿ ಮಣಿಕಟ್ಟಿನ ಕೆಳಗೆ ಹಿಡಿದ ಆ ಕೈ! ಅದು ಮರ್ಯಾದೆ ಆಗಿರಲಿಲ್ಲ. ಸೌಟಿನ ಭಾರ ಆಕೆಗೆ ಎತ್ತಲಿಕ್ಕೆ ಬರುತ್ತಿರಲಿಲ್ಲ. ಊರಿಗೆ ಊರೇ ಅದನ್ನು ಸಂಸ್ಕಾರ ಅಂತ ತಿಳಿದು ಸೊಸೆಯರಿಗೆ ಕಲಿಸಿತ್ತು. ಅವ್ವನೂ ಹಾಗೇ ತಿಳಿದಿದ್ದಳು. ಯಾವ ನೋವೂ ಇಲ್ಲದ ನಮ್ಮ ಗಟ್ಟಿ ಕೈಗಳು ಇಷ್ಟು ವರ್ಷ ಒಂದು ಸೋತ ಕೈಯ ನಡೆಯನ್ನು ನಡೆಯುತ್ತಿದ್ದವು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಾನು ಲೆಕ್ಕ ಹಾಕಿದ್ದು ಬೇರೆಯದೇ. ಆ ಜ್ವರ ಬೆನ್ನುಹುರಿಯೊಳಗೆ ಹೊಕ್ಕು ಬಲಗೈಯ ಕೋಶಗಳನ್ನು ಹೆಚ್ಚುಕಡಿಮೆ ಪೂರಾ ಸುಟ್ಟುಹಾಕಿತ್ತು. ಉಳಿದವು ನಾಲ್ಕೈದು ಇರಬೇಕು. ಮೂರು ವರ್ಷದ ಕೂಸಿನ ಕೈಯಲ್ಲಿ, ಯಾರೂ ಕಾಣದ ಕತ್ತಲೆಯಲ್ಲಿ, ಆ ನಾಲ್ಕೈದು ಎಳೆಗಳು ಒಂದು ಮಳೆಗಾಲದುದ್ದಕ್ಕೂ ಚಿಗುರು ಬಿಟ್ಟು, ತಬ್ಬಲಿ ಬಿದ್ದಿದ್ದ ಸ್ನಾಯುಗಳ ಬಾಗಿಲು ಹುಡುಕಿಕೊಂಡು ಹೋಗಿ, ಒಂದೊಂದಕ್ಕೂ ಹೊಸ ಬೆಸುಗೆ ಹಾಕಿದ್ದವು. ಆಮೇಲೆ ಆ ಕೈ ಕಳೆ ತೆಗೆಯಿತು, ಹತ್ತಿ ಬಿಡಿಸಿತು, ನಾಲ್ಕು ಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯಿತು, ಪರೀಕ್ಷೆಗೆ ಹೊರಟ ನನ್ನ ಜಡೆ ಹೆಣೆಯಿತು. ದೇವಿ ಕೊಟ್ಟಳೋ ನರ ಕೊಟ್ಟಿತೋ ಅಂತ ಜಗಳ ಆಡಲಿಕ್ಕೆ ನಾನು ತಯಾರಿಲ್ಲ. ಕೊಟ್ಟದ್ದಂತೂ ಖರೆ.

ಆದರೆ ಅಂಜಿಕೆ ಪೂರ್ತಿ ಹೋಗಿರಲಿಲ್ಲ. ಹಳೆಯ ಪೋಲಿಯೋ ಇದ್ದವರಿಗೆ ಆ ಕಾಯಿಲೆ ಬರಬಾರದೆಂದೇನೂ ಇಲ್ಲ. ಡಾಕ್ಟರಿಗೆ ಹೇಳಿದಾಗ ಅವರ ಮುಖ ಅರಳಿತು, ಆದರೂ, "ಯಂತ್ರ ಏನ್ ಹೇಳ್ತೈತಿ ಅದನ್ನೂ ಕೇಳೂಣು" ಅಂದರು. ಆರು ತಿಂಗಳು ಮುಗಿದ ಮೇಲೆ ಅವ್ವನನ್ನು ಮತ್ತೆ ಅದೇ ಮಂಚದ ಮೇಲೆ ಮಲಗಿಸಿದೆವು. ಬಲಗೈ, ಎಡಗೈ, ಕಾಲು, ಬೆನ್ನು, ನಾಲಿಗೆಯ ಬುಡ. ಅವ್ವ ಹಲ್ಲು ಕಚ್ಚಿ ಸಹಿಸಿದಳು. ಡಾಕ್ಟರು ಒಂದೊಂದೇ ಹಳೆಯ ಚಿತ್ರದ ಪಕ್ಕಕ್ಕೆ ಹೊಸದನ್ನಿಟ್ಟು ನೋಡುತ್ತ ಹೋದರು. ಕಡೆಗೆ ಮತ್ತೆ ಬಲಗೈಗೇ ಸೂಜಿ ಇಳಿಸಿ, ಕೇಳಿ, ನನ್ನ ಕಡೆ ತಿರುಗಿದರು.

"ಒಂದೂ ಕಡಿಮಿ ಆಗಿಲ್ಲ. ಬ್ಯಾರೆ ಕಡೆ ಎಲ್ಲೂ ಏನೂ ಇಲ್ಲ. ಇದು ಆ ಕಾಯಿಲೆ ಅಲ್ಲ ಬಿಡು. ದಣದಾವ, ಅಷ್ಟ."

ನಾನು ಅಲ್ಲೇ ನಿಂತು ಜೋರಾಗಿ ಅತ್ತುಬಿಟ್ಟೆ. ಅವ್ವ ಗಾಬರಿಯಾಗಿ ಏಳಲಿಕ್ಕೆ ಹೋದಳು. ಸೂಜಿ ಇದೆ ಅಂತ ಡಾಕ್ಟರು ತಡೆದರು. ಆಗ ನಾನು ಎಲ್ಲವನ್ನೂ ಹೇಳಿದೆ. ಆ ಖೋಲಿ ನಮ್ಮ ಮನೆಯಲ್ಲ, ಊರ ಗಡಿಯಿಂದ ಎಷ್ಟೋ ದೂರ, ಹೇಳಿದರೆ ತಪ್ಪಿಲ್ಲ ಅನಿಸಿತು. ಜ್ವರ ಹೇಳಿದೆ, ಸತ್ತ ನರಗಳನ್ನು ಹೇಳಿದೆ, ಉಳಿದವು ಮಾಡಿದ್ದನ್ನು ಹೇಳಿದೆ. ಆರು ತಿಂಗಳು ನಾನು ಏನೆಂದು ಅಂಜಿದ್ದೆ ಎಂಬುದನ್ನೂ ಹೇಳಿದೆ. ಅವ್ವ ಮೇಲಿನ ಫ್ಯಾನು ನೋಡುತ್ತ ಕೇಳಿಸಿಕೊಂಡಳು.

"ಅಂದ್ರ, ಅರವತ್ತ ವರ್ಷದ ಮ್ಯಾಲ ಈ ಕೈ ಕೆಲಸಾ ಎಲ್ಲಾ ಮಾಡಿದ್ದು ಈ ನಾಕೈದನ?"

"ಹೂಂ. ನೂರಾರು ಮಾಡೂ ಕೆಲಸಾ."

"ಈಗ?"

"ಈಗ ಅವಕ್ಕ ಆಗವಲ್ದು. ಇನ್ನ ಭಾಳ ದುಡಸಬಾರದಬೇ."

ಅವ್ವ ತನ್ನ ಬಲಗೈಯ ಕಡೆ ನೋಡಿದಳು. ತನ್ನ ಬಲಗೈಯನ್ನು ಮೈಗಳ್ಳ ಕೈ ಅಂತ ಆಕೆ ಬೈದದ್ದಕ್ಕೆ ಲೆಕ್ಕವಿಲ್ಲ. ಆಮೇಲೆ ಯಾರೂ ಹೇಳದೆ, ತಾನೇ, ಹೆಬ್ಬೆರಳನ್ನು ತುಸು ಬಿಗಿ ಹಿಡಿದಳು. ಡುಗ್, ಅಂದಿತು ಯಂತ್ರ. ಆಕೆ ಕತ್ತು ಹೊರಳಿಸಿ ಸದ್ದು ಬಂದ ಕಡೆ ನೋಡಿದಳು. ಇನ್ನೊಮ್ಮೆ ಹಿಡಿದಳು. ಡುಗ್. ಬಾಗಿಲಿಗೆ ಬಂದ ಹಿರಿಯರನ್ನು ನೋಡುವ ಹಾಗೆ ನೋಡುತ್ತಿದ್ದಳು, ಕಣ್ಣು ತುಂಬಿ ಕಿವಿಯ ಕಡೆ ಹರಿಯುತ್ತಿತ್ತು.

"ಭಾಳ ದುಡದೀರಿ" ಅಂದಳು. ನನಗಲ್ಲ, ಡಾಕ್ಟರಿಗೂ ಅಲ್ಲ. "ನೀವ ಇದ್ದೀರಿ ಅಂತ ನನಗ ಗೊತ್ತ ಇರಲಿಲ್ರಿ. ಸಾಕು. ಇನ್ನ ಕುಂದರ್ರಿ."

ಹೆಬ್ಬೆರಳನ್ನು ಸಡಿಲ ಬಿಟ್ಟಳು. ಯಂತ್ರ ಸುಮ್ಮನಾಯಿತು.